ಬಾನೆಟ್ಟಿನ ಮ್ಯಾಲಿನ ಚಾ

ದಸ್ತಗೀರ ಮಿಸ್ತ್ರಿ ಮೊದಲು ಕೇಳಿದ್ದು ರೊಕ್ಕದ ಮಾತಲ್ಲ.
"ದಿನಾ ಎಷ್ಟ್ ಕಿಲೋಮೀಟರ್ ಓಡಿಸ್ತೀರಿ, ಬಾಯಾರ?"
ಅಲ್ಲೀತನಕ ನನ್ನ ದಿನಾನ ನಾ
ಸೂಜಿಲೆ ಎಣಿಸ್ತಿದ್ದೆ:
ಇವತ್ತು ಇಪ್ಪತ್ತೊಂದು ತೋಳು, ನಾಕು ಹಠಮಾರಿ ನರ,
ಒಂದು ಕೂಸಿನ ಹಿಮ್ಮಡ.

ದಾರಿ ಎಣಿಸಿರಲಿಲ್ಲ.
ನವನಗರದ ನನ್ನ ಲ್ಯಾಬಿನ ಶಟರಿನಿಂದ ಶಿರೂರು,
ಅಲ್ಲಿಂದ ಕಮತಗಿ, ಅಮೀನಗಡ,
ಡಬ್ಬಿಯ ಮಂಜುಗಡ್ಡಿ ಕರಗೂದ್ರಾಗ ತಿರುಗಿ ನವನಗರ.
ಬೆರಳು ಮಡಚಿ ಮಡಚಿ ಎಂಬತ್ತಕ್ಕ ಮುಟ್ಟಿದೆ.
"ಎಂಬತ್ತು!" ಏಜೆಂಟ್ ಸಂಗನಬಸುನ ಕಣ್ಣಾಗ ದೀಪ ಹತ್ತಿತು.
"ಅಕ್ಕಾರ, ಡೀಸೆಲ್ ಬಿಟ್ಟು ಮಾತ ಆಡಬ್ಯಾಡ್ರಿ.
ಲೀಟರಿಗೆ ಇಪ್ಪತ್ತೆರಡು. ಎಣ್ಣಿ ವಾಸನಿ ತೋರಿಸಿದ್ರ ಸಾಕು, ಓಡತೈತಿ."

ಎರಡೂ ಬಿಳೇವು. ಒಂದ ಕಂಪನಿ, ಒಂದ ವರ್ಷದ ಹುಟ್ಟು,
ಬೇವಿನ ಗಿಡದ ಬುಡಕ ಅಕ್ಕ ತಂಗಿಹಂಗ ನಿಂತಾವ.
ಪೆಟ್ರೋಲಿಂದು ರಿಟಾಯರ್ ಹೆಡ್ ಮಾಸ್ತರದು:
ಹುಣ್ಣಿವಿಗೊಮ್ಮೆ ಬನಶಂಕರಿ, ಉಳಿದ ದಿನ ಹೊದಿಕಿ ಒಳಗ ನಿದ್ದಿ,
ಸೀಟಿನ ಪ್ಲಾಸ್ಟಿಕ್ ಇನ್ನೂ ಹರಿದಿಲ್ಲ.
ಡೀಸೆಲ್ಲಿಂದು ದ್ರಾಕ್ಷಿ ಔಷಧ ಮಾರಾಂವಂದು.
ಮೀಟರು ತೊಂಬತ್ತು ಸಾವಿರ ಅಂತೈತಿ;
ಕ್ಲಚ್ಚಿನ ರಬ್ಬರು ಬೋಳಾಗಿ
ಬ್ಯಾರೆ ಸಾಕ್ಷಿ ಹೇಳತೈತಿ.

ನಾ ಒಂದ ಮಾತ ಕೇಳಿದೆ:
"ನಡುಗತಾವೇನ್ರಿ?"
ಸಂಗನಬಸು ನಕ್ಕ. ಮಿಸ್ತ್ರಿ ನಗಲಿಲ್ಲ.

ರಕ್ತ ಭಾಳ ನಾಜೂಕು, ಮಿಸ್ತ್ರಿ.
ಟ್ಯೂಬಿನ್ಯಾಗ ಕುಲುಕಿದ್ರ ಕಣ ಒಡೀತಾವ,
ಒಣಹುಲ್ಲಿನ ಬಣ್ಣ ಇರಬೇಕಾದ ಮ್ಯಾಲಿನ ತಿಳಿ
ಕುಂಕುಮದ ನೀರಾಗತೈತಿ.
ನಾ ಮತ್ತ ಅದ ಬಾಗಿಲಿಗೆ ಹೋಗಿ
ಇನ್ನೊಮ್ಮೆ ಕೈ ಚಾಚ್ರಿ ಅನ್ನಬೇಕು.
ಮನ್ನೆ ಕಮತಗಿಯ ಚಂಪವ್ವ, ಲಾಳಿ ಬಿಟ್ಟು ಎದ್ದು ಬಂದಾಕಿ,
ತೋಳೇರಿಸಿ ಕೇಳಿದ್ಲು:
"ಮೊದಲ ಒಯ್ದದ್ದು ಎಲ್ಲಿ ಚೆಲ್ಲಿದಿ?"
ಚೆಲ್ಲಿಲ್ಲ ಯವ್ವಾ, ಸ್ಕೂಟಿ ಮ್ಯಾಲ, ಗುಂಡಿಗೆ ಗುಂಡಿಗೆ,
ಒಳಗ ಒಳಗ ಒಡೀತು...
ಅನ್ನಾಕ ನನಗ ಬಾಯಿ ಬರಲಿಲ್ಲ.

ಮಿಸ್ತ್ರಿ ಎರಡು ಚಾ ತರಿಸಿದ.
ಒಂದೊಂದು ಬಾನೆಟ್ಟಿನ ಮ್ಯಾಲೆ ಒಂದೊಂದು ಕಪ್ಪು-ಬಸಿ ಇಟ್ಟು
ಎರಡೂ ಕೀಲಿ ತಿರುವಿದ.
ಪೆಟ್ರೋಲಿನ ಮ್ಯಾಲಿನ ಚಾ ಕೆನಿ ಕಟ್ಟಿ ಕುಂತಿತು,
ಗಾಡಿ ಚಾಲೂ ಆದದ್ದ ಗೊತ್ತಿಲ್ಲದಂಗ.
ಡೀಸೆಲ್ಲಿನ ಮ್ಯಾಲಿನ ಚಾದಾಗ
ಉಂಗುರದೊಳಗ ಉಂಗುರ ಎದ್ದು
ಅಂಚಿಗೆ ಬಡಿದು ಬಸಿಗೆ ಇಳೀತು.
ಬಸಿ ಕಿಟಿಕಿಟಿ ಅಂತು, ಥಂಡಿಗೆ ಹಲ್ಲು ಕಡದಂಗ.

ಆತಲ್ಲ, ಅನ್ಕೊಂಡೆ.
ಆದ್ರ ಮಿಸ್ತ್ರಿ ಗಾಜಿನ ಧೂಳಿನ್ಯಾಗ ಬೆರಳಿಂದ ಬರೆದ:
ಎಂಬತ್ತು. ತಿಂಗಳಿಗೆ ಇಪ್ಪತ್ತಾರು ದಿನ.
ಇದಕ್ಕಿಷ್ಟು, ಅದಕ್ಕಿಷ್ಟು. ಕಳೆದ.
ಉಳಿದದ್ದು ನನ್ನ ಲ್ಯಾಬಿನ ಖೋಲಿ ಬಾಡಿಗಿ.

"ಖರೇ ಹೇಳಲೇನ್ರಿ, ಬಾಯಾರ?
ಇಂಜೆಕ್ಟರ್ ಕೈ ಕೊಟ್ರ ಒಂದ ಹೊಡತಕ್ಕ ಮೂವತ್ತು ಸಾವಿರ,
ಅದಕ್ಕ ಈಗಿಂದ ಡಬ್ಬಿಗೆ ರೊಕ್ಕ ಹಾಕ್ಕೋತ ಬರ್ರಿ.
ಮಾಸ್ತರನ ಗಾಡಿ ಚಲೋದು, ಆದ್ರ ಅದು ಮಾಸ್ತರಗ.
ಡೀಸೆಲ್ ದುಡಿಯಾವ್ರದು. ಕುಂದ್ರಿಸಿದ್ರ ಅದಕ್ಕ ರೋಗ.
ಈ ನಡುಕ ಐತಲ್ಲ, ಅರ್ಧ ಇಂಜಿನ್ನಿಂದು,
ಇನ್ನರ್ಧ ಬುಡದ ರಬ್ಬರ್ ಸತ್ತಿದ್ದಕ್ಕ. ಅದನ್ನ ನಾ ಬದಲಿ ಮಾಡ್ತೀನಿ."
"ಉಳಿದರ್ಧ?"
ಉತ್ತರ ಕೊಡದ ಡೀಸೆಲ್ಲಿನ ಚಾ ಎತ್ಕೊಂಡು
ಬಸಿಗೆ ಚೆಲ್ಲಿದ್ದನ್ನ ಸುರ್ರಂತ ಸುರದ.
"ಚೆಲ್ಲಿದ್ರೇನಾತು? ನಾವು ಕುಡಿಯೂದ ಬಸೀಲೆ."

ಉಳಿದರ್ಧಕ್ಕ ನಮ್ಮತ್ತಿ ಹೊಲದ ಕೌದಿ,
ನಾಕು ಮಡಿಕಿ, ಹಿಂದಿನ ಸೀಟಿಗೆ.
ಅದರ ಮ್ಯಾಲೆ ಡಬ್ಬಿ, ಡಬ್ಬಿಗೆ ಬೆಲ್ಟು.
ಸಾಲತೈತೋ ಇಲ್ಲೋ, ಸಂಜಿಗೆ ಟ್ಯೂಬು ತಿರುಗಿಸಿದಾಗ ಗೊತ್ತು.

ಶಿರೂರಿನ ದಾರಿ. ಇನ್ನೂ ಬೆಳ್ಳನ ಬೆಳಕಿಲ್ಲ.
ಯಾರೋ ಔಷಧ ಮಾರಾಂವ ಸವೆಸಿದ ಬೋಳು ಪೆಡಲಿನ ಮ್ಯಾಲೆ
ಚಪ್ಪಲಿ ಬಿಟ್ಟು ಬರಿಗಾಲು ಇಟ್ಟೆ.
ಬೆಚ್ಚಗಿತ್ತು, ನಡುಗತಿತ್ತು.