ಚಾನೆಲ್ ಏಳು

ಜುಬೈಲಿನ ಸೈಟಿನಲ್ಲಿ ನಮ್ಮ ರೇಡಿಯೊದ ಚಾನೆಲ್ಲು ಏಳು.
ಕನ್ನಡದಲ್ಲಿ ಅದು ಲೆಕ್ಕವೂ ಹೌದು, ಅಪ್ಪಣೆಯೂ ಹೌದು
ಎಂದು ಇಲ್ಲಿ ಯಾರಿಗೆ ಹೇಳಲಿ?
ಜರ್ವಾಲಿಯದು ಪಶ್ತೊ, ಮೊತಾಲೇಬನದು ಬಂಗಾಳಿ,
ಕ್ರೇನಿನ ರೊಡೆಲ್ ಕನಸು ಕಾಣುವ ಭಾಷೆಯ ಹೆಸರು
ಹನ್ನೊಂದು ವರ್ಷವಾದರೂ ನನ್ನ ಬಾಯಿಗೆ ಹತ್ತಿಲ್ಲ.
ಎಲ್ಲರಿಗೂ ಸೇರಿ ಇರುವುದು ಆರೇ ಮಾತು:
ಮೇಲೆ, ಕೆಳಗೆ, ಎಡ, ಬಲ, ನಿಧಾನ,
ನಿಲ್ಲು.

ಕೊನೆಯದನ್ನು ಹೇಳುವ ಹಕ್ಕು ಎಲ್ಲರಿಗೂ ಉಂಟೆಂದು
ಗೇಟಿನ ಫಲಕದಲ್ಲಿ ಮೂರು ಲಿಪಿಯಲ್ಲಿ ಬರೆದಿದೆ.
ಫಲಕ ಬಿಸಿಲಿಗೆ ಬಿಳಿಚಿಕೊಂಡಿದೆ.

ರೊಡೆಲ್‌ಗೆ ಭಾರ ಕಾಣುವುದಿಲ್ಲ.
ಪೈಪುಗಳ ಅಟ್ಟದಾಚೆ ಹದಿನಾಲ್ಕು ಟನ್ನು ತೂಗುವಾಗ
ಅವನಿಗಿರುವುದು ಆಕಾಶ, ಒಂದು ಮುಳ್ಳು, ನನ್ನ ದನಿ.
ಹತ್ತೊಂಬತ್ತು ವರ್ಷ, ಯಾವ ಕ್ರೇನಿಗೂ ದನಿ ನನ್ನೊಬ್ಬನದೇ.
ನೆಲದವರಿಗೂ ಒಂದು ಸೆಟ್ಟಿತ್ತು,
ಕೇಳಲು ಮಾತ್ರ ಎಂದು ನಾನೇ ಕಲಿಸಿದ್ದು.
ಊಟಕ್ಕೆ ಕೂತರೂ ನನ್ನ ರೇಡಿಯೊ ತೊಡೆಯ ಮೇಲೆ,
ಕೂಸನ್ನು ಯಾರ ಕೈಗೂ ಕೊಡದ ಚೊಚ್ಚಲ ಬಾಣಂತಿಯ ಹಾಗೆ.

ಒಮ್ಮೆ (ಈಗ ಹೇಳಬಹುದು, ಆ ಕಂಪನಿಯೇ ಮುಚ್ಚಿದೆ)
ಖೀಮ್ ಬಹದ್ದೂರ್ ನಿಲ್ಲು ಅಂದ.
ನಿಂತಿತು. ಇಳಿಸಿದೆವು. ನೋಡಿದರೆ ಏನೂ ಇಲ್ಲ,
ಕೊಂಡಿಯ ಮೇಲೆ ನೆರಳು ಬಿದ್ದಿತ್ತು, ಅಷ್ಟೆ.
ಎಲ್ಲರೆದುರು ಅವನ ಬೆವರಿಳಿಸಿದೆ:
ಹಗ್ಗ ಕಂಡರೆ ಹಾವು ಅನ್ನುವವನಿಗೆ ಇಲ್ಲೇನು ಕೆಲಸ?
ನಲವತ್ತು ನಿಮಿಷ ಹಾಳೆಂದು ಡೈರಿಯಲ್ಲಿ ಬರೆದೆ,
ಅವನ ಹೆಸರಿನೆದುರು.

ಆಮೇಲೆ ಎರಡು ವರ್ಷ ನನ್ನ ಗ್ಯಾಂಗಿನಲ್ಲಿ
ಯಾರೂ ನಿಲ್ಲು ಅನ್ನಲಿಲ್ಲ.
ಶಿಸ್ತು ಎಂದುಕೊಂಡೆ. ಎಂಥ ಶಿಸ್ತು ಮಾರಾಯ್ರೆ!
ಎರಡನೆಯ ಚಳಿಗಾಲ. ಜೋಲಿ ಜಾರುವುದನ್ನು ಖೀಮ್ ಕಂಡಿದ್ದನಂತೆ.
ಉಸ್ತಾದನಿಗೂ ಕಂಡಿರಬಹುದು ಎಂದುಕೊಂಡನಂತೆ.
ಎರಡು ಬೆರಳು.
ಆಸ್ಪತ್ರೆಯಲ್ಲಿ ಅವನೇ ನನಗೆ ಸಮಾಧಾನ ಹೇಳಿದ.
ಅದನ್ನು ಇನ್ನೂ ಅರಗಿಸಿಕೊಂಡಿಲ್ಲ.

ಮೊನ್ನೆ ಶಮಾಲ್ ಎದ್ದ ಬೆಳಿಗ್ಗೆ,
ಗಾಳಿಯ ಮೀಟರು ಇನ್ನೂ ಹಸಿರಿನಲ್ಲೇ, ಭಾರ ನಡುಗಾಳಿಯಲ್ಲಿ,
ಚಾನೆಲ್ಲಿನಲ್ಲಿ ಮೊತಾಲೇಬನ ದನಿ.
ಬಂದು ಇಪ್ಪತ್ತಾರು ದಿನದ ಹುಡುಗ,
ಬೂಟು ಇನ್ನೂ ಕಾಲಿಗೆ ಪಳಗದವನು:
ನಿಲ್ಲು. ನಿಲ್ಲು. ನಿಲ್ಲು.
ರೊಡೆಲ್ ನಿಲ್ಲಿಸಿದ. ನನ್ನನ್ನು ಕೇಳದೆ ನಿಲ್ಲಿಸಿದ.
ಒಂದು ಕ್ಷಣ ನನ್ನೊಳಗೆ ಎದ್ದದ್ದು ಭಯವಲ್ಲ,
ಹೊಟ್ಟೆಕಿಚ್ಚು.

ಇಳಿಸಿದೆವು. ಕೊಂಡಿ ಸರಿ. ಪಿನ್ನು ಸರಿ. ಜೋಲಿ ಸರಿ.
ಅವನು ಕಂಡದ್ದು ಗಾಳಿಗೆ ಹಾರಿಬಂದು ಸಿಕ್ಕಿಕೊಂಡ ಪ್ಲಾಸ್ಟಿಕ್ ಚೀಲ,
ಹರಿದ ಪಟ್ಟಿಯ ಹಾಗೆ ಪಟಪಟ ಬಡಿಯುತ್ತಿತ್ತು.
ಎಲ್ಲರೂ ನನ್ನ ಮುಖ ನೋಡಿದರು.
ಹುಡುಗ ನೆಲ ನೋಡಿದ. ಎಂಜಿನಿಯರು ಗಡಿಯಾರ ನೋಡಿದ.
ಖೀಮ್, ಮೂರು ಬೆರಳಿನ ಕೈಯಲ್ಲಿ ಸುಲೈಮಾನಿ ಹಿಡಿದು,
ಎಲ್ಲೂ ನೋಡಲಿಲ್ಲ.

ಅವನ ಕಿಸೆಯಲ್ಲಿ ಸಿಗ್ನಲ್‌ಮನ್ ಕಾರ್ಡು ನಾಲ್ಕು ವರ್ಷದಿಂದ ಇದೆ,
ಒಗೆತ ಕಂಡದ್ದೇ ಹೊರತು ಕೆಲಸ ಕಂಡಿಲ್ಲ.
ಆಡಬೇಕೆಂದುಕೊಂಡ ದೊಡ್ಡ ಮಾತೆಲ್ಲ ಗಂಟಲಲ್ಲಿ ಧೂಳಾಯಿತು.
"ಒಳ್ಳೇದಾಯ್ತು ನಿಲ್ಲಿಸಿದ್ದು," ಅಂದೆ ಹುಡುಗನಿಗೆ. "ಚೀಲ ತೆಗಿ.
ಖೀಮ್, ಈ ಸಲ ನೀನು ಹೇಳು."
ಕೊಡುವಾಗ ರೇಡಿಯೊದ ಪಟ್ಟಿ ನನ್ನ ಮಣಿಕಟ್ಟಿಗೆ ಸಿಕ್ಕಿಕೊಂಡಿತು.
ಅವನೇ ಬಿಡಿಸಬೇಕಾಯಿತು.

ನಾನು ಬಾಲದ ಹಗ್ಗ ಹಿಡಿದೆ, ಹೊಸಬರ ಕೆಲಸ.
ಖೀಮನ ದನಿ ನನ್ನದಕ್ಕಿಂತ ಮೆಲ್ಲಗೆ. ಮಾತು ಮಾತಿನ ನಡುವೆ
ಒಂದು ಉಸಿರಿನಷ್ಟು ಜಾಗ,
ಯಾರಾದರೂ ಒಳನುಗ್ಗಬಹುದಾದಷ್ಟು.

ಅಂಗೈಯಲ್ಲಿ ಹಗ್ಗ ಜುಮ್ಮೆಂದಿತು. ಭಾರ ತುಸು ತಿರುಗಿತೇ?
ಖೀಮನಿಗೂ ಕಂಡಿರಬಹುದು ಎಂದುಕೊಂಡೆ.
ಎಂದುಕೊಂಡದ್ದು ನನ್ನ ಕಿವಿಗೇ ಬಿದ್ದಂತಾಗಿ
ಗಂಟಲು ಬಿರಿಯುವ ಹಾಗೆ ಕೂಗಿದೆ.

ನಿಂತಿತು.
ಯಾರೂ ಬೈಯಲಿಲ್ಲ.
ಖೀಮ್ ಬಗ್ಗಿ ನೋಡಿದ, ಒಂದು ಗೇಣು ಸರಿಪಡಿಸಿದ,
ಆರರಲ್ಲಿ ಮೊದಲನೆಯ ಮಾತು ಹೇಳಿದ.
ಅವನ ಕೈಯಲ್ಲಿ ಆ ಪುಟ್ಟ ಗಾಜಿನೊಳಗೆ
ಅಂಕೆ ಹೊಳೆಯುತ್ತಿತ್ತು, ಏಳು.