ಒಂದೂವರೆ ಇಂಚು

ಗೋಣಿಕೊಪ್ಪದ ಬಸ್ ಸ್ಟ್ಯಾಂಡಿನ ಹಿಂದೆ, ಮಹಡಿ ಮೇಲೆ,
ಡಿಟಿಪಿ ಅಂಗಡಿಯಲ್ಲಿ ನನ್ನ ನಾಲ್ಕನೇ ಅಧ್ಯಾಯ
ನುಡಿಯಿಂದ ಯೂನಿಕೋಡಿಗೆ ದಾಟುವಾಗ
ಅರ್ಕಾವತ್ತುಗಳೆಲ್ಲ ಕಳಚಿ ಬಿದ್ದವು.
ಹುಡುಗ ಒಳ್ಳೆಯವನು. ಒಂದೊಂದನ್ನೇ ಹೆಕ್ಕಿ ಕೂರಿಸಿದ.
ಒಂದು ಕಡೆ ಮಾತ್ರ ಕೇಳದೆ ತಿದ್ದಿದ:
'ಕರ್ಚಿ ಹೇಳುತ್ತಾಳೆ' ಇದ್ದದ್ದು
'ಕುರ್ಚಿ ಹೇಳುತ್ತದೆ' ಆಯಿತು.
ವ್ಯಾಕರಣ ಸಮೇತ.

ನಗಬಾರದಿತ್ತು, ನಕ್ಕೆ.

ನನ್ನ ಹೆಸರಿಗೆ ಈ ಕಷ್ಟವಿಲ್ಲ.
ಮಾಚೆಕಂಡ ಬೊಜ್ಜಮ್ಮ: ಒಕ್ಕ ಮುಂದೆ, ನಾನು ಹಿಂದೆ,
ಆಕರಸೂಚಿಗೆಂದೇ ತೊಟ್ಟಿಲಲ್ಲಿ ಇಟ್ಟ ಹಾಗೆ.
ಅಲ್ಪವಿರಾಮ ಒಂದು ಹಾಕಿದರೆ ಮುಗಿಯಿತು.
ಕರ್ಚಿಗೆ ಹಿಂದೂ ಇಲ್ಲ ಮುಂದೂ ಇಲ್ಲ.
ಹುಟ್ಟಿದ ವರ್ಷ ಕೇಳಿದರೆ
'ಆನೆ ಪಲ್ಪರ್ ಮನೆ ಗೋಡೆ ಕೆಡವಿತಲ್ಲ, ಅದರ ಮುಂಚೆ' ಅನ್ನುತ್ತಾಳೆ.
ಆವರಣ ಚಿಹ್ನೆಯೊಳಗೆ ಆನೆ ಹಿಡಿಸುವುದಿಲ್ಲ.

ಗೈಡು ಕೆಂಪು ಪೆನ್ನಲ್ಲಿ ಬರೆದರು:
ವೈಯಕ್ತಿಕ ಸಂಭಾಷಣೆ ಪಠ್ಯದೊಳಗಿರಲಿ, ಪಟ್ಟಿಗೆ ಬೇಡ.
ಓದುಗ ಹೋಗಿ ನೋಡಲಾಗದ್ದು ಆಕರವಲ್ಲ.
ಬಾಳೆಲೆ ಬಸ್ಸು ದಿನಕ್ಕೆ ಆರು ಸಲ ಹೋಗುತ್ತದೆ, ಸರ್,
ಅನ್ನಲಿಲ್ಲ ನಾನು.

ಪಟ್ಟಿಯಲ್ಲಿ ದೊರೆ ಇದ್ದಾನೆ.
ಸರ್‌ನೇಮು, ಇಸವಿ, ಲಂಡನ್ನಿನ ಪ್ರಕಾಶಕ, ಪುಟ ಎಂಬತ್ತೇಳು.
ಅವನ ಡೈರಿಯಲ್ಲಿ ಒಂದು ಸಾಲು:
'ನನ್ನ ತೋಟದ ಹೆಂಗಸೊಬ್ಬಳು ಹೇಳಿದ್ದು.'
ಆಮೇಲೆ ಹುಲಿಗೆ ಉಪ್ಪು ಸಾಲ ಕೊಟ್ಟವಳ ಅದೇ ಕಥೆ,
ಅರ್ಧ, ಕೊನೆ ತಪ್ಪು.
ಆ ಹೆಂಗಸೊಬ್ಬಳಿಗೆ ಅಡಿಟಿಪ್ಪಣಿ ಇಲ್ಲ.
ಅವನಿಗೆ ನಾನು ಹನ್ನೊಂದು ಕೊಟ್ಟಿದ್ದೇನೆ.
ಅದೇ. ಅದೇ. ಅದೇ, ಪುಟ ಎಂಬತ್ತೆಂಟು.

ಕರ್ಚಿ ಹಾಗೆ ಕಥೆ ಶುರು ಮಾಡುವವಳಲ್ಲ.
ಮೊದಲು ಎಲೆ ಅಡಿಕೆ, ಆಮೇಲೆ ದಾರಿ:
ಇದು ನನಗೆ ದೊಡ್ಡಮ್ಮ ಹೇಳಿದ್ದು, ಮೆಣಸು ಕೊಯ್ಯುವಾಗ.
ಅವಳಿಗೆ ತಿತಿಮತಿಯಲ್ಲಿ ಮರ ಕಡಿಯುತ್ತಿದ್ದವನು.
ಅವನಿಗೆ ಯಾರೋ ಗೊತ್ತಿಲ್ಲ, ಗೊತ್ತಿಲ್ಲ ಅಂತಲೇ ಬರಕೋ.
ನಡುವೆ ಗಕ್ಕನೆ ನಿಂತು:
ಈ ತುಂಡು ನನ್ನದಲ್ಲ. ಪಾಲಿಯನ್ನು ಕೇಳು.
ಪಾಲಿ ಆ ವಾರ ಕುಟ್ಟದ ಕಡೆ ಕೆಲಸಕ್ಕೆ ಹೋಗಿದ್ದಳು.
ನನ್ನ ನೂರ ನಲವತ್ತೊಂದನೇ ಪುಟದಲ್ಲಿ
ಇನ್ನೂ ಅಷ್ಟು ಜಾಗ ಖಾಲಿ ಇದೆ.

ದೊಡ್ಡಮ್ಮನ ಹೆಸರು ಮೂರು ಸಲ ಕೇಳಿದರೂ ಬಿಡಲಿಲ್ಲ.
'ರೈಟರ ಪುಸ್ತಕದಲ್ಲಿ ಅವಳ ಮೇಲೆ ಹದಿನೆಂಟು ರೂಪಾಯಿ ಅಡ್ವಾನ್ಸ್ ಇದೆ.
ರಾತ್ರೋರಾತ್ರಿ ಹೊಳೆ ದಾಟಿದವಳು.'
ಯಾವ ಕಾಲದ್ದು ಕರ್ಚಿ, ಆ ರೈಟರೂ ಸತ್ತ, ಅಂದೆ.
'ಪುಸ್ತಕ ಸತ್ತಿದೆಯಾ?' ಅಂದಳು,
ನನ್ನ ಪೆನ್ನನ್ನೇ ನೋಡುತ್ತ.

ಈ ಭಾನುವಾರ ಪ್ರಿಂಟು ತೋರಿಸಲು ಲೈನ್ ಮನೆಗೆ ಹೋದೆ.
ಓದಲು ಬಾರದ ಅವಳ ಕಣ್ಣು ನೇರ ಅಂಚಿಗೆ ಹೋಯಿತು.
'ಬಲಕ್ಕೆ ಇಷ್ಟೇ, ಎಡಕ್ಕೆ ಯಾಕೆ ಇಷ್ಟೊಂದು ಬಿಟ್ಟಿದ್ದೀಯ?'
ಒಂದೂವರೆ ಇಂಚು, ಯೂನಿವರ್ಸಿಟಿ ನಿಯಮ. ಹೊಲಿಯೋದಕ್ಕೆ.
'ಹೊಲಿದ ಮೇಲೆ?'
ಕಾಣೋದಿಲ್ಲ.
ಎಲೆಗೆ ಸುಣ್ಣ ಸವರಿ ಮಡಚುವಷ್ಟು ಹೊತ್ತು ಸುಮ್ಮನಿದ್ದು
ನನ್ನ ಕಿವಿಗೆ ಬಗ್ಗಿ ಒಂದು ಹೆಸರು ಹೇಳಿದಳು.
ಎರಡೇ ಅಕ್ಷರ. ಅರ್ಕಾವತ್ತಿಲ್ಲ.

ಸೋಮವಾರ, ಬೈಂಡಿಂಗಿಗೆ ಕೊಡುವ ಮುಂಚೆ,
ಐದು ಪ್ರತಿಯಲ್ಲೂ ಪೆನ್ಸಿಲಿನಿಂದ ಅದನ್ನು ಅಂಚಿಗೆ ಬರೆದೆ.
ಪಟ್ಟಿಯಲ್ಲಿ, ಕಕಾರದ ಕೆಳಗೆ, ಕರ್ಚಿಯನ್ನು ಸೇರಿಸಿದೆ, ಇಂಕಿನಲ್ಲಿ;
ಗೈಡು ಹೊಡೆದರೆ ಹೊಡೆಯಲಿ.
ಇನ್ನೊಂದನ್ನು ಹೊಡೆಯಬೇಕೆಂದರೆ
ಮೊದಲು ನೂಲು ಬಿಚ್ಚಬೇಕು.