ಸೀಮೆಸುಣ್ಣದ ಲೆಕ್ಕ

ಇಪ್ಪತ್ತೆಂಟು ಸಾವಿರಕ್ಕೆ ಸಿಕ್ಕಿತು ಈ ಮೆಟಡೋರು.
ಬೈತಖೋಲದ ಐಸ್ ಫ್ಯಾಕ್ಟರಿಯ ಹಿಂದೆ
ಆರು ಮಳೆಗಾಲ ನಿಂತದ್ದು.
ಸೀಟಿನ ಸ್ಪಂಜಿನಲ್ಲಿ ಬೆಕ್ಕು ಮರಿ ಹಾಕಿತ್ತು,
ನೆಲದ ತೂತಿನಲ್ಲಿ ಚಪ್ಪಲಿ ಸಮೇತ ಕಾಲು ಇಳಿಯುತ್ತಿತ್ತು.
"ತಗೊಳ್ಳಿ ಮೇಡಂ, ಇಂಜಿನ್ನು ಹುಲಿ" ಅಂದ ಮಾರುವವ.
ಹುಲಿ ಮಲಗಿತ್ತು.

ಕೋಡಿಬಾಗದ ಇನಾಸ ಮೇಸ್ತ್ರಿ
ಮೊದಲಿಗೆ ಬಾನೆಟ್ಟೇ ಎತ್ತಲಿಲ್ಲ.
ಸುತ್ತ ನಡೆದು, ಬೆರಳ ಗೆಣ್ಣಿನಿಂದ ತಟ್ಟಿದ,
ಹಲಸಿನಹಣ್ಣು ತಟ್ಟುವ ಹಾಗೆ.
"ಇಲ್ಲಿ ತಗಡು. ಇಲ್ಲಿ ತುಕ್ಕು.
ಇಲ್ಲಿ ಬರೇ ಬಣ್ಣ, ಹಿಂದೆ ಏನೂ ಇಲ್ಲ."

ನನ್ನ ಕೆಲಸವೂ ಹೆಚ್ಚುಕಮ್ಮಿ ತಟ್ಟುವುದೇ.
ಇಂಟರ್‌ನೆಟ್ ಹಂಚುವ ಸಣ್ಣ ಕಂಪನಿ, ಮೂರೇ ಜನ.
ಪರದೆಯ ಮೇಲೆ ನಲವತ್ತೊಂದು ಚುಕ್ಕಿ:
ಮಾಜಾಳಿ, ಬಿಣಗಾ, ಸದಾಶಿವಗಡ, ಅಮದಳ್ಳಿ...
ನಿಮಿಷಕ್ಕೊಮ್ಮೆ ಸಾಫ್ಟ್‌ವೇರ್ ಕೂಗುತ್ತದೆ, ಇದ್ದೀಯಾ?
ಇದ್ದೇನೆ, ಅನ್ನುತ್ತವೆ.
ದೇವಬಾಗದ್ದು ಮಾತ್ರ ಕೆಲವು ದಿನ
ನಲವತ್ತು ನಿಮಿಷ ಉತ್ತರ ಕೊಡುವುದಿಲ್ಲ.
ಆಮೇಲೆ ಏನೂ ಆಗದವರ ಹಾಗೆ, ಇದ್ದೇನೆ.

ಕೇಬಲ್ ಬದಲಿಸಿದೆ. ಅಡಾಪ್ಟರ್ ಬದಲಿಸಿದೆ.
ಕಾಯುವ ಸೆಕೆಂಡು ಹೆಚ್ಚಿಸಿದೆ. ದೇವರಿಗೂ ಹೇಳಿದೆ.
ಹುಬ್ಬಳ್ಳಿಯ ಸಪೋರ್ಟಿನವ
"ಅಳಿಸಿ ಮತ್ತೆ ಹಾಕಿ" ಅಂದ. ಹಾಕಿದೆ.
ನಲವತ್ತೊಂದೂ ಮರುಹುಟ್ಟಿ ಬಂದವು,
ದೇವಬಾಗ ಮರುದಿನವೇ ಮತ್ತೆ ಸತ್ತಿತು.

ಭಾನುವಾರ ತುಕ್ಕು ಉಜ್ಜುವುದು.
ಬೂದು ಪ್ರೈಮರ್ ಹೊಡೆದ ಬಾಗಿಲೇ ನಮ್ಮ ಕರಿಹಲಗೆ:
ರೇಡಿಯೇಟರ್, ಅಂಕೋಲಾ ಗುಜರಿ, ಸಾವಿರದ ನಾನೂರು.
ಹಳೇ ಬಸ್ಸಿನ ಸೀಟು, ಆರುನೂರು.
ಬೆಸುಗೆಗೆ ಇನಾಸ ಹೇಳಿದ್ದು "ಆಮೇಲೆ ನೋಡುವಾ";
ಎಲ್ಲಕ್ಕಿಂತ ಭಯ ಅದರದ್ದೇ.
ಅದರ ಕೆಳಗೆ, ತಲೆ ಕೆಟ್ಟು,
ದೇವಬಾಗ ಸತ್ತ ಹೊತ್ತುಗಳು:
ಹನ್ನೊಂದು ಐದು. ಹನ್ನೊಂದು ನಲವತ್ತೇಳು.
ಹನ್ನೆರಡೂವರೆ. ಆಮೇಲೆ ಹತ್ತು ದಿನ ಏನಿಲ್ಲ.
ಮತ್ತೆ ಹನ್ನೊಂದು.

ಶೇವಂತಿ ತಾಂಡೇಲ ಬುಟ್ಟಿ ಇಳಿಸಿ
ವ್ಯಾನಿನ ನೆರಳಿಗೆ ಕೂತಳು. ಅಕ್ಷರ ಓದಲಾರಳು,
ಅಂಕಿ ಮಾತ್ರ ಬಿಡುವವಳಲ್ಲ.
"ಭರ್ತಿಯ ವೇಳೆ ಯಾಕೆ ಬರೆದಿಟ್ಟಿ? ತಿಸ್ರೆ ಆರಿಸಲು ಹೋಗ್ತೀಯೇನು?
ಇಷ್ಟೊತ್ತಿಗೆ ಹೋದರೆ ಮುಳುಗ್ತಿ, ಹುಡುಗೀ.
ಇಳಿತಕ್ಕೆ ಹೋಗಬೇಕು."

ಉಪ್ಪುಕಾಗದ ಕೈಯಲ್ಲೇ ಉಳಿಯಿತು.

ಅಮಾಸೆ. ಹುಣ್ಣಿಮೆ.
ಸಮುದ್ರ ಕಾಳಿಯೊಳಗೆ ನುಗ್ಗಿ ನೀರು ಮೇಲೇರುವಾಗ
ಈ ದಡದ ಕಂಬದಿಂದ ಹೊರಟ ಮಾತು ಎರಡಾಗುತ್ತದೆ:
ನೇರ ಹೋದದ್ದು ಒಂದು, ನೀರಿಗೆ ಬಿದ್ದೆದ್ದು ಹೋದದ್ದು ಇನ್ನೊಂದು.
ಒಂದೇ ಮಾತು, ಒಂದನ್ನೊಂದು ನುಂಗಿ
ಆಚೆ ದಡದಲ್ಲಿ ಮೌನ.

ಸಾಫ್ಟ್‌ವೇರಿನ ಹತ್ತಿರ ಎಲ್ಲ ಇತ್ತು,
ಮೂರು ಬಣ್ಣದ ಗೆರೆಗಳಲ್ಲಿ.
ಆದರೆ ಅದರ ದಿನಕ್ಕೆ ಇಪ್ಪತ್ನಾಲ್ಕೇ ಗಂಟೆ.
ಚಂದ್ರನ ದಿನ ಐವತ್ತು ನಿಮಿಷ ಉದ್ದ
ಅಂತ ಅದಕ್ಕೆ ಯಾರೂ ಹೇಳಿರಲಿಲ್ಲ.
ನನಗೂ.

ಮೆಟಡೋರಿನ ಮೊದಲ ಸವಾರಿ ಏಣಿ ಹೊತ್ತು ಕಾಳಿ ಸೇತುವೆಯ ಮೇಲೆ.
ನಲವತ್ತು ದಾಟಿದರೆ ಸ್ಟೇರಿಂಗಿಗೆ ಚಳಿಜ್ವರ.
ಡೀಸೆಲ್ ಮುಳ್ಳು ಯಾವಾಗಲೂ ಅರ್ಧಕ್ಕೇ ನಿಂತದ್ದು.
"ಅದು ಸುಳ್ಳು ಹೇಳೋದಿಲ್ಲ ಬಾಯೀ,
ಕಲಿತದ್ದು ಒಂದೇ ಮಾತು" ಅಂದ ಇನಾಸ,
ಸೀಟಿನ ಕೆಳಗೆ ಬಿದಿರ ಕೋಲು ಇಟ್ಟ, ಅಳೆಯಲಿಕ್ಕೆ.
ದೇವಬಾಗದಲ್ಲಿ ಗಾಳಿಮರದ ನಡುವೆ
ಅವನು ಏಣಿ ಹಿಡಿದ, ನಾನು ಹತ್ತಿ
ತಟ್ಟೆಯನ್ನು ಏಳಡಿ ಕೆಳಗಿಳಿಸಿದೆ.
ಸರಿಯೋ ತಪ್ಪೋ, ಹುಣ್ಣಿಮೆ ಹೇಳಬೇಕು.

ಬೋಟಿಗೆ ಹಚ್ಚಿ ಉಳಿದ ನೀಲಿ ಮೂರು ಬದಿಗೆ ಸಾಕಾಯಿತು.
ಬಾಗಿಲು ಇನ್ನೂ ಬೂದು.
ಶೇವಂತಿಯ ಫೀಸು: ಶನಿವಾರ ನಾಲ್ಕು ಬುಟ್ಟಿ ಪೇಟೆಗೆ.
ಹೊಸ ಸೀಟಿಗೆ ಈಗಲೇ ಬಂಗುಡೆ ವಾಸನೆ.

ಹುಣ್ಣಿಮೆ ರಾತ್ರಿ, ಹನ್ನೊಂದೂ ಕಾಲು.
ನಲವತ್ತೊಂದೂ ಹಸಿರು.
ನಂಬಿಕೆ ಸಾಲದೆ
ಗೆಣ್ಣಿನಿಂದ ಪರದೆ ತಟ್ಟಿ ನೋಡಿದೆ.